ಪರನೆಲದ ಪ್ರತಿಮೆ: ದುರಸ್ತಿಯ ಹೊಣೆ ಯಾರದು?

ಲಂಡನ್ನಿನ ಟ್ಯಾವಿಸ್ಟಾಕ್ ಚೌಕದ ಉದ್ಯಾನದಲ್ಲಿ, ಪದ್ಮಾಸನದಲ್ಲಿ ಕುಳಿತ ಗಾಂಧೀಜಿಯವರ ಕಂಚಿನ ಪ್ರತಿಮೆಯಿದೆ. ಶಿಲ್ಪಿ ಫ್ರೆಡಾ ಬ್ರಿಲಿಯಂಟ್ ರೂಪಿಸಿದ ಈ ಪ್ರತಿಮೆಯನ್ನು 1968ರಲ್ಲಿ ಅಂದಿನ ಬ್ರಿಟಿಷ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅನಾವರಣಗೊಳಿಸಿದರು. ಗಾಂಧೀಜಿ ಕಾನೂನು ವಿದ್ಯಾರ್ಥಿಯಾಗಿ ವ್ಯಾಸಂಗ ಮಾಡಿದ ಯೂನಿವರ್ಸಿಟಿ ಕಾಲೇಜು ಅಲ್ಲಿಗೆ ಸಮೀಪದಲ್ಲಿಯೇ ಇದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ, ಗಾಂಧಿ ಜಯಂತಿಗೆ ಕೆಲವೇ ದಿನಗಳಿರುವಾಗ, ದುಷ್ಕರ್ಮಿಗಳು ಅದರ ಪೀಠದ ಮೇಲೆ ಬರಹ ಗೀಚಿ ವಿರೂಪಗೊಳಿಸಿದರು. ಭಾರತೀಯ ಹೈಕಮಿಷನ್ ಕೃತ್ಯವನ್ನು ಖಂಡಿಸಿ, ಸ್ಥಳೀಯ ಅಧಿಕಾರಿಗಳಿಗೆ ತಿಳಿಸಿ, ತನ್ನ ತಂಡವನ್ನು ಸ್ಥಳಕ್ಕೆ ಕಳುಹಿಸಿತು.

ಪ್ರತಿಮೆ ನಮ್ಮ ರಾಷ್ಟ್ರಪಿತನದು. ನಮ್ಮವರೇ ಹೋಗಿ ಉಜ್ಜಿ ಬರಬಾರದೇಕೆ ಎಂದು ಮಕ್ಕಳು ಕೇಳಬಹುದು. ಉತ್ತರ ಕಾನೂನಿನಲ್ಲಿದೆ. 1961ರ ವಿಯೆನ್ನಾ ಒಪ್ಪಂದದ 22ನೆಯ ವಿಧಿಯು ರಾಯಭಾರ ಕಚೇರಿಯ ಆವರಣಕ್ಕೆ ವಿಶೇಷ ರಕ್ಷಣೆ ನೀಡುತ್ತದೆ. ಸಾರ್ವಜನಿಕ ಉದ್ಯಾನದ ಪ್ರತಿಮೆ ಆ ಆವರಣಕ್ಕೆ ಸೇರಿದುದಲ್ಲ. ಅದಕ್ಕೆ ಅನ್ವಯಿಸುವುದು ಆ ನೆಲದ ಕಾನೂನು. ಉದ್ಯಾನವಾದರೋ ಕ್ಯಾಮ್ಡೆನ್ ಸ್ಥಳೀಯಾಡಳಿತದ ವ್ಯಾಪ್ತಿಯಲ್ಲಿದೆ. ಆದುದರಿಂದ ಹೈಕಮಿಷನ್ನಿಗೆ ಉಳಿಯುವ ದಾರಿ ದೂರು, ಮನವಿ ಮತ್ತು ಸಮನ್ವಯ.

ದುರಸ್ತಿಗೂ ಒಂದು ಕ್ರಮವಿದೆ. ಒರೆಸಿದರೆ ಸಾಕ್ಷ್ಯವೂ ಅಳಿಯುವುದರಿಂದ ಮೊದಲು ಛಾಯಾಚಿತ್ರ, ಪೊಲೀಸ್ ದಾಖಲೆ ಆಗಬೇಕು. ಬ್ರಿಟನ್ನಿನಲ್ಲಿ 2022ರ ತಿದ್ದುಪಡಿಯ ಬಳಿಕ, ಸ್ಮಾರಕಕ್ಕೆ ಆದ ಹಾನಿಯ ಮೊತ್ತ ಅಲ್ಪವಾಗಿದ್ದರೂ ಗರಿಷ್ಠ 10 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅನಂತರ ಸಂರಕ್ಷಣಾ ತಜ್ಞರ ಕೆಲಸ. ಬಣ್ಣವು ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ತಡವಾದಷ್ಟೂ ತೆಗೆಯುವುದು ಕಷ್ಟ. ಹಾಗೆಂದು ತಂತಿ ಬ್ರಷ್ಷಿನಿಂದಲೋ ಆಮ್ಲದಿಂದಲೋ ಉಜ್ಜಿದರೆ ಕಲ್ಲು ಸವೆಯುತ್ತದೆ, ಕಂಚಿನ ಮೇಲೆ ದಶಕಗಳಿಂದ ಕೂಡಿದ ಹೊರಪದರವೂ ಹೋಗುತ್ತದೆ. ಅವಸರದ ಭಕ್ತಿ ಕಿಡಿಗೇಡಿಗಿಂತ ಹೆಚ್ಚು ಹಾನಿ ಮಾಡಬಲ್ಲದು. ತಕ್ಕ ದ್ರಾವಕವನ್ನು ಮೂಲೆಯಲ್ಲಿ ಪರೀಕ್ಷಿಸಿ, ಮೆಲ್ಲನೆ ಬಣ್ಣ ತೆಗೆದು, ಕಂಚಿಗೆ ಅಗತ್ಯವಿದ್ದರೆ ಮೇಣದ ಲೇಪ ಕೊಡುವುದು ಸರಿಯಾದ ವಿಧಾನ.

ಪರದೇಶದಲ್ಲಿರುವ ನಮ್ಮ ಪ್ರತಿಮೆಯನ್ನು ಅಲ್ಲಿನವರು ಕಾಯಬೇಕೆಂದು ನಾವು ಅಪೇಕ್ಷಿಸುತ್ತೇವೆ. ಅದೇ ಅಳತೆ ನಮ್ಮೂರಿನ ಬಸ್ಸು ತಂಗುದಾಣಕ್ಕೂ ಶಾಲೆಯ ಗೋಡೆಗೂ ಸಲ್ಲಬೇಕು. ನಮ್ಮ ಸಂವಿಧಾನದ 51ಎ ವಿಧಿಯ ಒಂದೇ ಉಪವಾಕ್ಯದಲ್ಲಿ ಎರಡು ಕರ್ತವ್ಯಗಳಿವೆ: ಸಾರ್ವಜನಿಕ ಸ್ವತ್ತನ್ನು ಕಾಪಾಡುವುದು, ಹಿಂಸೆಯನ್ನು ತ್ಯಜಿಸುವುದು. ಗಾಂಧಿ ಜಯಂತಿಯ ಭಾಷಣಕ್ಕೆ ಸಿದ್ಧರಾಗುವ ಮಕ್ಕಳಿಗೆ ಹಿರಿಯರು ಈ ಉಪವಾಕ್ಯವನ್ನು ಓದಿಸಿ, ಅವೆರಡನ್ನು ಜೊತೆಗಿರಿಸಿದ್ದೇಕೆಂದು ಕೇಳಲಿ.