ಹೈಸ್ಕೂಲಿನ ಹೊಸ್ತಿಲು

ಮೇ ತಿಂಗಳ ಕೊನೆಯ ವಾರ ಬಂದಿತೆಂದರೆ ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಶಾಲೆಗಳಿಗೆ ಒಂದು ಕಳೆ ಬರುತ್ತದೆ. ಬಾಗಿಲಿಗೆ ಮಾವಿನ ತಳಿರಿನ ತೋರಣ, ಅಂಗಳದಲ್ಲಿ ರಂಗವಲ್ಲಿ, ಹೊಸದಾಗಿ ಸೇರಿದ ಮಕ್ಕಳ ಕೈಗೆ ಹೂವು, ಬಿಸಿಯೂಟದಲ್ಲಿ ಅಂದು ಸಿಹಿ. ಇದಕ್ಕೆ ಪ್ರಾರಂಭೋತ್ಸವವೆಂದು ಹೆಸರು. ಊರ ಹಿರಿಯರು ನಾಲ್ಕು ಮಾತು ಆಡುತ್ತಾರೆ. ಯಾವ ಮಗುವೂ ಶಾಲೆಯಿಂದ ಹೊರಗುಳಿಯಕೂಡದೆಂಬ ಮಾತು ಈಚೆಗೆ ಆ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾರದ, ನಿಧಾನವಾಗಿ ಕಲಿಯುವ ಮಕ್ಕಳೂ ಉಳಿದವರೊಡನೆ ಒಂದೇ ವರ್ಗದಲ್ಲಿ ಕುಳಿತು ಕಲಿಯಬೇಕು; ಇಲಾಖೆಯವರು ಇದನ್ನು ಸಮನ್ವಯ ಶಿಕ್ಷಣವೆನ್ನುತ್ತಾರೆ. ಆಶಯವನ್ನು ಅಲ್ಲಗಳೆಯುವವರು ಯಾರು? ಆದರೆ ಹೂವು ಕೊಟ್ಟು ಒಳಗೆ ಕರೆದುಕೊಂಡ ಆ ಮಗುವಿಗೆ ಮರುದಿನ ಗಣಿತದ ತಾಸಿನಲ್ಲಿ ಏನಾಗುತ್ತದೆ? ನಾನು ಈ ಲೇಖನದಲ್ಲಿ ಕೇಳಬಯಸುವುದು ಇಷ್ಟೇ. ಹೊಸ್ತಿಲು ದಾಟಿಸಿದ ಮಾತ್ರಕ್ಕೆ ಕಲಿಸಿದಂತಾಗಲಿಲ್ಲ. ಪ್ರೌಢಶಾಲೆಯಲ್ಲಂತೂ ಆಗಲೇ ಇಲ್ಲ.

ಪ್ರೌಢಶಾಲೆಯೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಎಂಟನೆಯ ತರಗತಿಯ ತನಕ ಅದು ಎಲ್ಲರ ಕೈ ಹಿಡಿದು ನಡೆಸುತ್ತದೆ, ಅಲ್ಲಿಗೆ ಬಿಡುತ್ತದೆ. ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಅಲ್ಲಿಗೆ ಬಿಡಲಿಲ್ಲ. 1995ರ ಹಳೆಯ ಕಾಯಿದೆ ಹೆಸರಿಸಿದ್ದ 7 ಬಗೆಯ ವೈಕಲ್ಯಗಳನ್ನು ಅದು 21ಕ್ಕೆ ಏರಿಸಿತು. ಪ್ರತಿಶತ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 18 ವರ್ಷ ತುಂಬುವ ತನಕ ನೆರೆಯ ಶಾಲೆಯಲ್ಲಾಗಲಿ, ಅದು ಬೇಡವೆಂದರೆ ವಿಶೇಷ ಶಾಲೆಯಲ್ಲಾಗಲಿ, ಉಚಿತವಾಗಿ ಓದುವ ಹಕ್ಕು ಕೊಟ್ಟಿತು. ಅಂದರೆ ಒಂಬತ್ತು ಮತ್ತು ಹತ್ತನೆಯ ತರಗತಿಗಳೂ ಇದರೊಳಗೆ ಬಂದವು. ಇದು ಎಷ್ಟು ಜನ ತಂದೆತಾಯಿಗಳಿಗೆ ತಿಳಿದಿದೆ? ನನ್ನ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲು ಮುಗಿಸಿದವರಿಲ್ಲ. ಕಾಯಿದೆಯೆಂಬ ಶಬ್ದ ಕಿವಿಗೆ ಬಿದ್ದರೆ ನಮ್ಮಂಥ ಮನೆಗಳಲ್ಲಿ ಮೊದಲು ನೆನಪಾಗುವುದು ಹೊಲದ ವ್ಯಾಜ್ಯ ಮತ್ತು ವಕೀಲರ ಫೀಜು. ಅದು ಮಗುವಿನ ಓದಿಗೂ ಆಧಾರವಾಗಬಲ್ಲದೆಂದು ತಿಳಿಸಿ ಹೇಳುವವರು ಮಾಸ್ತರರೇ ಆಗಬೇಕು.

ಇದೆಲ್ಲ ದಿಲ್ಲಿಯಿಂದ ಇಳಿದುಬಂದ ಹೊಸ ಮಾತೆಂದು ತಿಳಿಯುವವರು ನಮ್ಮ ನೆಲದ ಕಥೆಯನ್ನು ಮರೆತವರು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡಮನೆಯೊಂದರಲ್ಲಿ ಹುಟ್ಟಿದ ಹುಡುಗನಿಗೆ ಕಣ್ಣಿರಲಿಲ್ಲ. ಅವನ ಒಡಹುಟ್ಟಿದವನಿಗೂ ಇರಲಿಲ್ಲ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಆ ಸೋದರರಿಬ್ಬರನ್ನೂ ಕರೆದುಕೊಂಡು ಸಂಗೀತಕ್ಕೆ ಹಚ್ಚಿದರು. ಅವರಲ್ಲೊಬ್ಬನೇ ಮುಂದೆ ಕರ್ನಾಟಕಿ, ಹಿಂದುಸ್ತಾನಿ ಎರಡರಲ್ಲೂ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರು ಕಟ್ಟಿದ್ದು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಇದೇ ಹಾನಗಲ್ಲ ತಾಲೂಕಿನಲ್ಲಿ 1914ರಲ್ಲಿ ಹುಟ್ಟಿದವರು, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅಲ್ಲಿ ಕಲಿತವರೆಲ್ಲ ಅಂಧರೇನೂ ಅಲ್ಲ. ಬಸವರಾಜ ರಾಜಗುರುಗಳಂಥ ಕಣ್ಣಿದ್ದ ಶಿಷ್ಯರೂ ಪಂಚಾಕ್ಷರಿ ಗವಾಯಿಗಳ ಬಳಿಯೇ ಸ್ವರ ಹಚ್ಚಿದರು. ಕಣ್ಣಿದ್ದವರು, ಇಲ್ಲದವರು ಒಂದೇ ಜಮಖಾನೆಯ ಮೇಲೆ, ಒಬ್ಬರೇ ಗುರುವಿನ ಮುಂದೆ! ಸಮನ್ವಯವೆಂಬ ಶಬ್ದ ಆಗಿನ್ನೂ ಸುತ್ತೋಲೆಗಳಿಗೆ ಬಂದಿರಲಿಲ್ಲ.

ಆದರೆ ಈ ಹೆಮ್ಮೆಯ ಬೆನ್ನಿಗೇ ಒಂದು ಮಾತು ಹೇಳದಿರಲಾರೆ. ಕಣ್ಣಿಲ್ಲದ ಹುಡುಗನೇ? ಗದಗಿಗೆ ಕಳಿಸಿಬಿಡಿರಿ, ಹಾಡು ಕಲಿತು ಹೊಟ್ಟೆ ಹೊರೆದುಕೊಳ್ಳಲಿ ಎಂಬುದು ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ರೂಢಿಯ ಮಾತೇ ಆಗಿಹೋಗಿದೆ. ಕಣ್ಣೂ ಇಲ್ಲದೆ ಕಂಠವೂ ಇಲ್ಲದ ಹುಡುಗ ಎಲ್ಲಿಗೆ ಹೋಗಬೇಕು? ಅವನಿಗೆ ಭೂಗೋಲ ಬೇಕೆನಿಸಿದರೆ? ಪುಣ್ಯಾಶ್ರಮ ತನ್ನ ಕೆಲಸವನ್ನು ಮಾಡಿತು, ಮಾಡುತ್ತಲೂ ಇದೆ. ಅದರ ಹೆಸರು ಹೇಳಿಕೊಂಡು ಊರ ಹೈಸ್ಕೂಲು ತನ್ನ ಹೊಣೆಯನ್ನು ಇಳಿಸಿಕೊಳ್ಳುವುದು ನ್ಯಾಯವಲ್ಲ.

ನಾನು ಓದಿದ ಪ್ರೌಢಶಾಲೆಯಲ್ಲಿ ದೃಷ್ಟಿ ತೀರ ಮಂದವಾಗಿದ್ದ ಹುಡುಗಿಯೊಬ್ಬಳಿದ್ದಳು. ಮುಂದಿನ ಬೆಂಚಿನಲ್ಲಿ ಕುಳ್ಳಿರಿಸಿದರೆ ಕರ್ತವ್ಯ ಮುಗಿಯಿತೆಂದು ಹೆಚ್ಚಿನವರ ಭಾವನೆ. ಅವಳಿಗೋ, ಅಲ್ಲಿಂದಲೂ ಹಲಗೆ ಬರಿಯ ಕಪ್ಪು. ಸಮಾಜ ವಿಜ್ಞಾನದ ಮಾಸ್ತರರು ಮಾತ್ರ ಹಲಗೆಯ ಮೇಲೆ ಬರೆಯುವುದನ್ನೆಲ್ಲ ಬಾಯಿಬಿಟ್ಟು ಓದುತ್ತ ಬರೆಯುತ್ತಿದ್ದರು. ನಕಾಶೆ ತೋರಿಸುವಾಗ 'ಇಲ್ಲಿ', 'ಅಲ್ಲಿ' ಎಂದು ಕೋಲಿನಿಂದ ಕುಟ್ಟದೆ, ವರದೆಯ ಯಾವ ದಿಕ್ಕಿಗೆ, ತುಂಗಭದ್ರೆಯ ಯಾವ ದಡಕ್ಕೆ ಎಂದು ಮಾತಿನಲ್ಲೇ ಊರುಗಳನ್ನು ಕೂಡಿಸಿಕೊಡುತ್ತಿದ್ದರು. ಉಳಿದ ವಿಷಯಗಳಲ್ಲಿ ತೇಲುತ್ತ ಮುಳುಗುತ್ತ ಇದ್ದ ಆ ಹುಡುಗಿ ಅವರ ವಿಷಯದಲ್ಲಿ ವರ್ಗದ ಮೊದಲ ಐವರಲ್ಲಿ ಬರುತ್ತಿದ್ದಳು. ಹಿಂದಿನ ಬೆಂಚಿನವರಾದ ನಮಗೂ ಆ ಪಾಠವೇ ಚೆನ್ನಾಗಿ ನೆನಪಿನಲ್ಲಿ ಉಳಿದಿದೆ. ಇದಕ್ಕಾಗಿ ಸರಕಾರದ ಒಂದು ಬಿಡಿಕಾಸೂ ಖರ್ಚಾಗಲಿಲ್ಲ. ಕಿವಿ ಮಂದವಾದ ಮಗುವಿಗೂ ಇಂಥದೇ ಒಂದು ಉಪಾಯವುಂಟು: ಮಾಸ್ತರರು ಹಲಗೆಯ ಕಡೆ ಮುಖಮಾಡಿ ಮಾತಾಡದಿದ್ದರೆ, ತುಟಿ ನೋಡಿ ಅರ್ಧ ಪಾಠವನ್ನಾದರೂ ಅದು ಹಿಡಿಯಬಲ್ಲುದು. ಆ ಹುಡುಗಿ ಕೊನೆಗೆ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ನಪಾಸಾಗಿ ಮನೆಯಲ್ಲಿ ಕುಳಿತಳು. ಅವಳ ಓರಗೆಯ ನಾನು ಇಂದು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಬುದ್ಧಿಯಲ್ಲಿ ನಾನು ಅವಳಿಗಿಂತ ಹೆಚ್ಚಿನವನೇನೂ ಅಲ್ಲ.

ಹಣ ಬೇಡುವ ಸಂಗತಿಗಳೂ ಇವೆ, ಇಲ್ಲವೆನ್ನಲಾಗದು. ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದವಿರಬೇಕೆಂದು ನಿಯಮ. ಎರಡಡಿ ಎತ್ತರದ ಕಟ್ಟೆಗೆ 24 ಅಡಿಯಾಯಿತು. ಒಂದಿಷ್ಟು ಸಿಮೆಂಟು ಸುರಿದು ಕಡಿದಾಗಿ ಏರಿಸಿದರೂ ವರದಿಯಲ್ಲಿ 'ಇಳಿಜಾರು ಇದೆ' ಎಂದೇ ಬರೆಯಬಹುದು. ಮಳೆಗಾಲದಲ್ಲಿ ಅದರ ಮೇಲೆ ಎರಡು ಕಾಲಿದ್ದವನೂ ಜಾರಿ ಬೀಳುತ್ತಾನೆ. 2023ರ ಜೂನ್ 11ರಿಂದ ನಮ್ಮ ಅಕ್ಕತಂಗಿಯರು ಸರಕಾರಿ ಬಸ್ಸಿನಲ್ಲಿ ಟಿಕೀಟಿನ ಹಣ ಕೊಡದೆ ಹೈಸ್ಕೂಲಿಗೆ ಬರುತ್ತಿರುವುದು ಸಂತೋಷದ ಮಾತು, ಆದರೆ ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಇನ್ನು ವಿಶೇಷ ಶಿಕ್ಷಕರ ವಿಷಯ. ತಾಲೂಕಿನ ಸಂಪನ್ಮೂಲ ಕೇಂದ್ರದ ಬೆರಳೆಣಿಕೆಯ ಶಿಕ್ಷಕರು ಊರೂರು ಸುತ್ತಿ ಎಷ್ಟು ಮಕ್ಕಳನ್ನು ಮುಟ್ಟಬಲ್ಲರು? ಸಾಮಾನ್ಯ ಶಾಲೆಗಳಲ್ಲೂ ಇಂಥ ಶಿಕ್ಷಕರ ಹುದ್ದೆಗಳು ಬೇಕೇ ಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ತಾಂಡಾಗಳಿಂದ ದುಡಿಯಲು ಗುಳೆ ಹೋಗಿ ತಡವಾಗಿ ಮರಳುವ ಮಕ್ಕಳು, ಸವಣೂರು ಬಂಕಾಪುರಗಳಲ್ಲಿ ಮನೆಯಲ್ಲಿ ಉರ್ದು ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಬೀಜಗಣಿತ ಕೇಳುವ ಮಕ್ಕಳು, ಇವರೂ ಸಮನ್ವಯದ ಮಾತಿಗೆ ಸೇರಿದವರೇ. ಅವರ ಕಷ್ಟ ಬೇರೊಂದು ಲೇಖನವನ್ನೇ ಬೇಡುತ್ತದಾದ್ದರಿಂದ ಇಲ್ಲಿ ಬಿಟ್ಟಿದ್ದೇನೆ.

ಒಂದು ಆಕ್ಷೇಪಣೆಯನ್ನು ಮಾತ್ರ ಬಿಟ್ಟು ಹೋಗುವಂತಿಲ್ಲ. ಇಂಥ ಮಕ್ಕಳಿಗೆ ಬೇರೆ ಶಾಲೆಯೇ ಲೇಸು, ಸಾಮಾನ್ಯ ವರ್ಗದಲ್ಲಿ ಅವರೂ ಹಿಂದುಳಿಯುತ್ತಾರೆ, ಇತರರನ್ನೂ ಹಿಂದೆಳೆಯುತ್ತಾರೆ ಎನ್ನುವವರು ನಮ್ಮ ನಡುವೆ ಇದ್ದಾರೆ. ಇದರ ಮೊದಲರ್ಧದಲ್ಲಿ ತಥ್ಯವಿದೆ. ಹುಟ್ಟಿನಿಂದ ಕಿವಿ ಕೇಳದ ಮಗು ಕೈಸನ್ನೆಯ ಭಾಷೆ ಬಲ್ಲವರ ನಡುವೆ ಬೇಗ ಅರಳುತ್ತದೆ. ಅದನ್ನು ಅರಿತು ವಿಶೇಷ ಶಾಲೆಗೇ ಕಳಿಸುವ ತಂದೆತಾಯಿಗಳನ್ನು ಯಾರೂ ದೂರಬಾರದು. ಕಾಯಿದೆಯೂ ಆ ಆಯ್ಕೆಯನ್ನು ಅವರಿಗೆ ಬಿಟ್ಟಿದೆ. ಆದರೆ ಊರ ಶಾಲೆಯಲ್ಲಿ ಏನೂ ಸಿದ್ಧವಿಲ್ಲದಿರುವಾಗ ಆಯ್ಕೆಯೆಂಬುದಕ್ಕೆ ಅರ್ಥವೇನು? ಮಗುವನ್ನು ಬೇರೆ ಊರಿಗೆ ಬಿಟ್ಟುಬರಲು ಕೂಲಿಯ ತಂದೆ ಎರಡು ದಿನದ ಪಗಾರ ಕಳೆದುಕೊಳ್ಳುತ್ತಾನೆ, ಹಬ್ಬಕ್ಕೆ ಕರೆತರಲು ಮತ್ತೆರಡು ದಿನ. ಅದಕ್ಕಿಂತ ಮನೆಯಲ್ಲೇ ಇರಲಿ ಎಂದುಕೊಂಡರೆ ಅವನ ಮೇಲೆ ತಪ್ಪು ಹೊರಿಸುವುದು ಸುಲಭ. ಎರಡನೆಯ ಅರ್ಧಕ್ಕೆ ಆ ಸಮಾಜ ವಿಜ್ಞಾನದ ತಾಸೇ ಉತ್ತರ.

ನಮ್ಮ ವರ್ಗದಲ್ಲಿ ಬಿ.ಎಡ್. ಮಾಡುವ ವಿಚಾರದಲ್ಲಿರುವವರು ಬಹಳ ಜನ. ಕೆಲವೇ ವರ್ಷಗಳಲ್ಲಿ ಈ ನಾಲ್ಕು ತಾಲೂಕುಗಳ ಹೈಸ್ಕೂಲುಗಳಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುವವರು ನಾವೇ. ಆದುದರಿಂದ ಮಿತ್ರರೇ, ಒಂದು ಸಣ್ಣ ಸಂಗತಿಯನ್ನು ನಿಮ್ಮ ಗಮನಕ್ಕೆ ತರುತ್ತೇನೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಉತ್ತರ ಬರೆದುಕೊಡಲು ಒಬ್ಬ ಸಹಾಯಕ, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ, ಇವೆಲ್ಲ 2016ರ ಆ ಕಾಯಿದೆಯಲ್ಲೇ ಬರೆದಿವೆ. ನನ್ನ ಸಹಪಾಠಿಗೆ ಇವನ್ನು ಯಾರೂ ಹೇಳಲಿಲ್ಲ. ಹೇಳಿದ ಕಡೆಗಳಲ್ಲೂ ಬರೆಯುವ ಹುಡುಗನನ್ನು ಹುಡುಕುವುದು ಮಾರ್ಚಿ ತಿಂಗಳಲ್ಲಿ, ಪರೀಕ್ಷೆ ಇನ್ನೆರಡು ವಾರವಿದೆಯೆನ್ನುವಾಗ. ಸಾಮಾನ್ಯವಾಗಿ ಅವನು ಕೆಳಗಿನ ತರಗತಿಯವನು. ರೇಖಾಗಣಿತದ ಆಕೃತಿಯನ್ನು ಇನ್ನೊಬ್ಬರ ಮಾತು ಕೇಳಿ ಬರೆಯುವುದು ಅವನಿಗೆ ಹೊಸದು, ಮಾತಿನಲ್ಲಿ ಹೇಳಿ ಬರೆಯಿಸುವುದು ಇವಳಿಗೆ ಹೊಸದು. ಆ ಇಬ್ಬರನ್ನೂ ಶಾಲೆ ತೆರೆದ ಮೊದಲ ವಾರದಲ್ಲೇ ಜೊತೆಗೂಡಿಸಿ, ವಾರಕ್ಕೊಂದು ದಿನ ಸಂಜೆ ಅರ್ಧ ತಾಸು ರೂಢಿ ಮಾಡಿಸಬೇಕು. ಪ್ರಾರಂಭೋತ್ಸವದ ತೋರಣ ಒಣಗುವುದರೊಳಗೆ ಆಗಬಹುದಾದ ಕೆಲಸವಿದು.