ಅವಳ ಕಾಯಿಲೆ, ಅವಳಿಗೇ ಗುಟ್ಟು!

ಇಲ್ಲಿ ಏನೂ ಬರೆಯದೆ ಒಂದು ವರ್ಷದ ಮೇಲಾಯ್ತು. ಎಲ್ಲಿ ಹೋದ್ರಿ ಅಂತ ಕೆಲವರು ಮೈಲ್ ಮಾಡಿ ಕೇಳಿದಿರಿ. ಉತ್ತರ ಕೊಡಲಾಗಲಿಲ್ಲ, ಕ್ಷಮಿಸಿ. ನನ್ನಾಕೆಗೆ ಅಂಡಾಶಯದ ಕ್ಯಾನ್ಸರ್ ಆಗಿತ್ತು. ಮೂರನೇ ಸ್ಟೇಜು. ಕೀಮೋ, ಆಪರೇಷನ್ನು ಎಲ್ಲಾ ಮುಗಿದು ಈಗ ಮೂರು ತಿಂಗಳಿಗೊಮ್ಮೆ ಚೆಕಪ್ಪಿಗೆ ಹೋಗಿ ಬರ್ತಿದ್ದೀವಿ. ಇದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಆ 'ಕೇಳಿಯೇ' ಅನ್ನೋ ಮಾತಿನ ಬಗ್ಗೆಯೇ ಇವತ್ತಿನ ನನ್ನ ಜಗಳ.

ಸ್ಕ್ಯಾನ್ ರಿಪೋರ್ಟ್ ಹಿಡ್ಕೊಂಡು ಹೋದ ದಿನ ಡಾಕ್ಟರು, "ನೀವೊಬ್ಬರೇ ಒಳಗೆ ಬನ್ನಿ, ಮೇಡಂ ಹೊರಗೆ ಕೂತಿರಲಿ" ಅಂದರು. ಹೋದೆ. ಎಲ್ಲಾ ಹೇಳಿದರು. ಹೊರಗೆ ಬಂದಾಗ ಬೆಂಚಿನ ಮೇಲಿದ್ದ ಅವಳು, "ಏನಂದ್ರು ರೀ?" ಅಂದಳು. "ಏನೋ ಗಡ್ಡೆಯಂತೆ, ತೆಗೆದ್ರೆ ಸರಿಹೋಗುತ್ತಂತೆ" ಅಂದೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದು.

ಆಮೇಲೆ ಮನೆಯವರೆಲ್ಲಾ ಸೇರಿ ಆ ಸುಳ್ಳನ್ನು ಗಟ್ಟಿ ಮಾಡಿದರು. ಅವಳ ತಮ್ಮ, "ಭಾವ, ಅಕ್ಕನಿಗೆ ಮಾತ್ರ ಹೇಳ್ಬೇಡಿ, ಎದೆ ಒಡ್ಕೋತಾಳೆ" ಅಂದ. ನಮ್ಮಕ್ಕ ಫೋನಿನಲ್ಲೇ ಆಣೆ ಹಾಕಿಸಿಕೊಂಡಳು. ರಿಪೋರ್ಟುಗಳ ಫೈಲನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಓಡಾಡಿದೆ. ಹನ್ನೊಂದು ದಿನ!

ಹನ್ನೆರಡನೇ ದಿನ ರಾತ್ರಿ ಅವಳೇ ಹೇಳಿದಳು. "ಆ ಬಾಗಿಲ ಮೇಲೆ ಆಂಕಾಲಜಿ ಅಂತ ಬರೆದಿತ್ತು. ನಂಗೆ ಓದಕ್ಕೆ ಬರಲ್ವಾ? ಅವತ್ತೇ ಗೊತ್ತಾಯ್ತು. ನೀವು ಹೆದರ್ಕೋತೀರಾ ಅಂತ ಸುಮ್ನಿದ್ದೆ."

ಅಂದರೆ ಒಂದೇ ಮಂಚದಲ್ಲಿ ಮಲಗಿ ಹನ್ನೊಂದು ರಾತ್ರಿ ಇಬ್ಬರೂ ಬೇರೆ ಬೇರೆಯಾಗಿ ಹೆದರಿದ್ದೆವು. ಅವಳಿಗೆ ನೋವಾಗಬಾರದು ಅಂತ ಮುಚ್ಚಿಟ್ಟೆ ಅಂತ ನಾನಂದುಕೊಂಡಿದ್ದು ಶುದ್ಧ ಸುಳ್ಳು. ಅವಳ ಮುಖ ನೋಡಿಕೊಂಡು ಆ ಮಾತು ಆಡುವ ಧೈರ್ಯ ನನಗಿರಲಿಲ್ಲ, ಅಷ್ಟೆ.

ಇದೇನು, ಒಂದು ಮನೆಯ ಕಥೆ ಅಂತ ಬಿಡಬೇಡಿ. ಈ ಕಾಯಿಲೆಯಲ್ಲಿ ಗುಟ್ಟು ಮಾಡೋದು ನೇರವಾಗಿ ಅಪಾಯ. ಹೇಗೆ ಅಂತ ಹೇಳ್ತೀನಿ.

ಸಾಮಾನ್ಯವಾಗಿ ಕೊಡೋದು ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಎರಡು ಔಷಧಿ, ಮೂರು ವಾರಕ್ಕೊಮ್ಮೆ. ನಮ್ಮಲ್ಲಿ ಆಪರೇಷನ್ನಿಗೆ ಮೊದಲು ಮೂರು, ಆಮೇಲೆ ಮೂರು ಆಯ್ತು. ಕೀಮೋ ಆದಮೇಲೆ ಬಿಳಿ ರಕ್ತಕಣ ಕಡಿಮೆಯಾಗುತ್ತೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗೋವರೆಗೆ ಕಾಯೋ ಹಾಗಿಲ್ಲ, ಅದೇ ರಾತ್ರಿ ಆಸ್ಪತ್ರೆಗೆ ಓಡಬೇಕು. ತನಗೇನಾಗಿದೆ ಅಂತಲೇ ಗೊತ್ತಿಲ್ಲದ ಹೆಂಗಸು ಏನು ಮಾಡ್ತಾಳೆ? ಒಂದು ಕ್ರೋಸಿನ್ ನುಂಗಿ, ಮಕ್ಕಳ ನಿದ್ದೆ ಕೆಡಿಸೋದು ಬೇಡ ಅಂತ ಹೊದ್ದು ಮಲಗ್ತಾಳೆ. ಬೆರಳು, ಅಂಗಾಲು ಜೋಮು ಹಿಡಿಯೋದೂ ಇದೆ. ಅದು ಹೆಚ್ಚಾದರೆ ಡಾಕ್ಟರು ಡೋಸ್ ಬದಲಾಯಿಸುತ್ತಾರೆ. ಆದರೆ ಜೋಮು ಹಿಡಿದಿದೆ ಅಂತ ಹೇಳಬೇಕಾದವಳು ಅವಳೇ ತಾನೇ? ಅದು ನನ್ನ ಬೆರಳಿಗೆ ಗೊತ್ತಾಗುತ್ತಾ?

ಇನ್ನೊಂದು, ಜೀನುಗಳ ವಿಷಯ. ಈ ಕ್ಯಾನ್ಸರಿನಲ್ಲಿ ಕೆಲವರಿಗೆ ಬಿಆರ್‌ಸಿಎ ಅನ್ನೋ ಜೀನಿನ ದೋಷ ಹುಟ್ಟಿನಿಂದಲೇ ಬಂದಿರುತ್ತೆ. ತಾಯಿಗಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧಕ್ಕರ್ಧ. ನಟಿ ಏಂಜಲಿನಾ ಜೋಲಿಯ ತಾಯಿ 2007ರಲ್ಲಿ ತೀರಿಕೊಂಡಿದ್ದು ಇದೇ ಕಾಯಿಲೆಯಿಂದ. ತನಗೂ ಆ ದೋಷ ಇದೆ ಅಂತ ಗೊತ್ತಾಗಿ, 2013ರಲ್ಲಿ ಪತ್ರಿಕೆಯಲ್ಲೇ ಬರೆದುಕೊಂಡ ಆಕೆ 2015ರಲ್ಲಿ ಅಂಡಾಶಯ ತೆಗೆಸಿಕೊಂಡಳು. ನಮ್ಮಲ್ಲಿ? ಅಮ್ಮ ಹೋಗಿದ್ದು 'ಹೊಟ್ಟೆ ಗಡ್ಡೆ'ಯಿಂದ ಅಂತಷ್ಟೇ ಮಕ್ಕಳಿಗೆ ಗೊತ್ತು. ಗುಟ್ಟು ಮಾಡಿದ್ದು ಒಬ್ಬಳಿಂದ, ದಂಡ ತೆರೋದು ಮಗಳು, ತಂಗಿ ಎಲ್ಲಾ.

ಕಾನೂನು ಕೂಡ ಗಂಡನ ಕಡೆಗಿಲ್ಲ ಸ್ವಾಮಿ. ದೆಹಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರಿಗೆ ಅರಿವಳಿಕೆ ಕೊಟ್ಟು ಪರೀಕ್ಷೆ ಮಾಡುವಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟಿದ್ದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಾಗ ಸ್ವಂತ ಬುದ್ಧಿಯಿರುವ ವಯಸ್ಕರ ಬದಲಿಗೆ ಬೇರೆಯವರ ಒಪ್ಪಿಗೆ ನಡೆಯಲ್ಲ ಅಂತ ತೀರ್ಪು ಕೊಟ್ಟಿತು. ಹೆತ್ತ ತಾಯಿಯ ಸಹಿಯೇ ನಡೆಯದಿದ್ದರೆ ಗಂಡನ ಸಹಿ ಯಾವ ಲೆಕ್ಕ?

"ಎಲ್ಲರಿಗೂ ತಡ್ಕೊಳ್ಳೋ ಶಕ್ತಿ ಇರಲ್ಲ, ಕೆಲವರಿಗೆ ಗೊತ್ತಿಲ್ಲದಿದ್ದರೇ ನೆಮ್ಮದಿ" ಅಂತೀರಾ? ನಿಜ, ಅಂಥವರೂ ಇದ್ದಾರೆ. ಆದರೆ ಅದನ್ನು ಅವರನ್ನೇ ಕೇಳಬೇಕು. "ಎಲ್ಲಾ ಹೇಳಲಾ, ಇಲ್ಲಾ ನಿಮ್ಮವರ ಹತ್ರ ಮಾತಾಡಲಾ?" ಅಂತ ಡಾಕ್ಟರು ಅವಳನ್ನು ಕೇಳಲಿ. ಬೇಡ ಅಂದರೆ ಬೇಡ. ನಮ್ಮ ಡಾಕ್ಟರು ಅವಳ ಕಡೆ ತಿರುಗಿಯೂ ನೋಡದೆ ನನ್ನನ್ನು ಒಳಗೆ ಕರೆದರು. ನಾನೂ ತೆಪ್ಪಗೆ ಎದ್ದು ಹೋದೆ. ನನ್ನ ಸಿಟ್ಟು ಇಬ್ಬರ ಮೇಲೂ ಇದೆ, ನನ್ನ ಮೇಲೆ ಒಂದು ತೂಕ ಹೆಚ್ಚು.

ಯಾಕಂದ್ರೆ ಅದಕ್ಕೂ ಮೊದಲು ಇನ್ನೊಂದು ತಪ್ಪು ಮಾಡಿದ್ದೆ. ನಾಲ್ಕು ತಿಂಗಳಿಂದ ಅವಳು ಹೇಳ್ತಾನೇ ಇದ್ದಳು. ಹೊಟ್ಟೆ ಉಬ್ಬರ, ಎರಡು ಇಡ್ಲಿಗೇ ಹೊಟ್ಟೆ ತುಂಬುತ್ತೆ, ಪದೇ ಪದೇ ಮೂತ್ರಕ್ಕೆ ಹೋಗ್ಬೇಕು ಅನ್ಸುತ್ತೆ ಅಂತ. "ಗ್ಯಾಸು ಕಣೇ, ಜೀರಿಗೆ ಕಷಾಯ ಕುಡಿ" ಅಂದೆ. ಹಿಂದಿನ ವರ್ಷ ಪ್ಯಾಪ್ ಟೆಸ್ಟ್ ಸರಿಯಾಗಿತ್ತಲ್ಲ ಅಂತ ಧೈರ್ಯ ಬೇರೆ. ಆ ಟೆಸ್ಟು ಗರ್ಭಕಂಠಕ್ಕೆ ಸಂಬಂಧಿಸಿದ್ದು, ಅಂಡಾಶಯದ ಕ್ಯಾನ್ಸರ್ ಹುಡುಕೋದಕ್ಕಲ್ಲ ಅಂತ ಆಮೇಲೆ ಗೊತ್ತಾಯ್ತು. ಮೊದಲು ಅವಳು ಹೇಳಿದ್ದನ್ನು ನಾನು ಕೇಳಲಿಲ್ಲ, ಆಮೇಲೆ ನನಗೆ ಗೊತ್ತಿದ್ದನ್ನು ಅವಳಿಗೆ ಹೇಳಲಿಲ್ಲ. ಎರಡೂ ಒಂದೇ ಜಾತಿಯ ರೋಗ.

ಗಂಡನಿಗೆ ಮಾಡೋಕೆ ಬೇರೆ ಕೆಲಸ ಬೇಕಾದಷ್ಟಿದೆ ಮಾರಾಯ್ರೇ. ವಾಂತಿ ಬಕೆಟ್ ತೊಳೆಯೋದು, ಥರ್ಮಾಮೀಟರ್ ದಿಂಬಿನ ಪಕ್ಕ ಇಡೋದು, ಮಕ್ಕಳ ಡಬ್ಬಿಗೆ ಚಿತ್ರಾನ್ನ ಕಲಸೋದು, ಇನ್ಶೂರೆನ್ಸ್ ಕೌಂಟರಿನಲ್ಲಿ ನಿಲ್ಲೋದು, ನೋಡೋಕೆ ಬಂದು ಅಳುವ ನೆಂಟರನ್ನು ಗೇಟಿನಿಂದಲೇ ಕಳಿಸೋದು. ಡಾಕ್ಟರ ಮುಂದೆ ಅವಳ ಪಕ್ಕ ಕೂತು, ಅವಳು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋದು. ಇಷ್ಟು ಮಾಡಿದರೆ ಸಾಕು. ಅವಳ ಸತ್ಯಕ್ಕೆ ಕಾವಲುಗಾರ ಆಗೋ ಕೆಲಸ ಯಾರೂ ನಮಗೆ ಕೊಟ್ಟಿಲ್ಲ.

ಯಾವತ್ತಾದರೂ ಯಾರಾದರೂ ಡಾಕ್ಟರು "ನೀವೊಬ್ಬರೇ ಬನ್ನಿ" ಅಂದರೆ, ದಯವಿಟ್ಟು ಒಂದೇ ಒಂದು ಮಾತು ಹೇಳಿ: "ಮೊದಲು ಅವಳನ್ನು ಕೇಳಿ ಸಾರ್." ನನಗೆ ಅವತ್ತು ಹೊಳೆಯಲಿಲ್ಲ.

ಒಪ್ಪದವರು ಬೈದು ಬರೆಯಿರಿ. ಅವಳೂ ಓದ್ತಾಳೆ.