ಮೈ ತಪಾಸಣೆಗೆ ಕಾನೂನುಂಟು, ಮೊಬೈಲಿಗೆ?

ಬಜ್ಪೆಯಲ್ಲಿ ವಿಮಾನ ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿ ಹೊರಬಾಗಿಲಿನ ಕಡೆ ಹೊರಟವರನ್ನು ಕಸ್ಟಮ್ಸ್‌ನವರು ಪಕ್ಕಕ್ಕೆ ಕರೆದು ಬ್ಯಾಗ್ ಬಿಚ್ಚಿಸುವುದು ನಮಗೇನೂ ಹೊಸತಲ್ಲ. ಗಲ್ಫ್‌ಗೆ ಹೋಗಿ ಬರುವವರು ಇರುವ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ ಅದು. ಬ್ಯಾಗ್ ನೋಡಿಯಾದ ಮೇಲೆ "ಮೊಬೈಲ್ ಕೊಡಿ, ಲಾಕ್ ತೆಗೆಯಿರಿ" ಎಂದರೆ ಏನು ಮಾಡಬೇಕು? ಕೊಡಲೇಬೇಕೇ? ಯಾರು ಕೇಳಬಹುದು, ಎಷ್ಟು ನೋಡಬಹುದು? ಇದಕ್ಕೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರವಿಲ್ಲ. ಬೇಸರದ ಸಂಗತಿಯೆಂದರೆ, ಕಾನೂನಿನ ಪುಸ್ತಕದಲ್ಲೂ ನೇರವಾದ ಉತ್ತರವಿಲ್ಲ.

ಆ ಮೊಬೈಲಿನಲ್ಲಿ ಎಂತ ಉಂಟು ಎಂದು ಸ್ವಲ್ಪ ಯೋಚಿಸಿ ನೋಡಿ. ಕಳೆದ ರಜೆಯಲ್ಲಿ ಕುಟುಂಬ ಸಮೇತ ಮೈಸೂರಿಗೆ ಹೋದವರು ಹಾಗೆಯೇ ಶಿವನಸಮುದ್ರಕ್ಕೂ ಹೋಗಿ, ಮರ್ದಾನೆ ಗೈಬ್ ದರ್ಗಾದಲ್ಲಿ ಝಿಯಾರತ್ ಮುಗಿಸಿ, ಗಗನಚುಕ್ಕಿಯ ಎದುರು ನಿಂತು ತೆಗೆದ ಫೋಟೊಗಳಿವೆ. ಅದರಲ್ಲಿ ಹೆಂಡತಿ, ಮಗಳು, ತಂಗಿ ಎಲ್ಲ ಇದ್ದಾರೆ. ಗಾಳಿಗೆ ಶಾಲು ಜಾರಿದ ಗಳಿಗೆಯೂ ಇದೆ. ಉಮ್ಮನ ಸ್ಕ್ಯಾನಿಂಗ್ ರಿಪೋರ್ಟ್, ಬ್ಯಾಂಕಿನ ಆ್ಯಪ್, ರಾತ್ರಿ ಪಾಳಿ ಮುಗಿಸಿ ಹೆಂಡತಿಗೆ ಕಳಿಸಿದ ವಾಯ್ಸ್ ಮೆಸೇಜ್, ಮಗಳ ಮದುವೆ ಮಾತುಕತೆಗಾಗಿ ಗಂಡಿನ ಕಡೆಯವರಿಗೆ ಕಳಿಸಿದ ಚಿತ್ರ. ಬ್ಯಾಗ್‌ನಲ್ಲಿ ಇರುವುದು ಸಾಮಾನು, ಮೊಬೈಲಿನಲ್ಲಿ ಇರುವುದು ಮನೆ.

ಮನೆಯೊಳಗೆ ಕಾಲಿಡುವ ಮುನ್ನ ಸಲಾಂ ಹೇಳಿ ಅನುಮತಿ ಕೇಳಬೇಕು, "ಮರಳಿ ಹೋಗಿ" ಎಂದರೆ ಮರಳಬೇಕು ಎಂಬುದು ಸೂರಃ ಅನ್ನೂರ್ ಕಲಿಸುವ ಶಿಷ್ಟಾಚಾರ. ಇನ್ನೊಬ್ಬರ ಗುಟ್ಟು ಕೆದಕಬಾರದೆಂದು ಸೂರಃ ಅಲ್ ಹುಜುರಾತ್ ತಡೆಯುತ್ತದೆ. ಆಳುವವರಿಗೂ ಇದು ಅನ್ವಯಿಸುತ್ತದೆಯೇ ಎಂದು ಕೇಳುವವರಿಗೆ ಹಝ್ರತ್ ಉಮರ್ (ರ.ಅ.) ಅವರ ಪ್ರಸಂಗವನ್ನು ನಾವು ಮದ್ರಸಾದಲ್ಲಿ ಹೇಳುವುದುಂಟು. ಮದೀನಾದಲ್ಲಿ ರಾತ್ರಿ ಗಸ್ತಿನಲ್ಲಿದ್ದ ಖಲೀಫರು ಸಂಶಯ ಬಂದು ಒಂದು ಮನೆಯ ಗೋಡೆ ಹತ್ತಿ ಒಳಗಿಳಿದರಂತೆ. ತಪ್ಪು ಮಾಡುತ್ತಿದ್ದವನು ಸಿಕ್ಕಿಬಿದ್ದ. ಆದರೆ ಅವನು, ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು ಎಂದ: ಗುಟ್ಟು ಕೆದಕಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿದಿರಿ, ಅನುಮತಿ ಕೇಳಲಿಲ್ಲ. ಖಲೀಫರು ಅವನನ್ನು ಬಿಟ್ಟು ಹೊರಟರು ಎಂದು ವರದಿ ಹೇಳುತ್ತದೆ. ಗಸ್ತು ತಿರುಗಬಾರದೆಂದು ಇದರ ಅರ್ಥವಲ್ಲ. ಬಾಗಿಲಿನಿಂದ ಬನ್ನಿ ಎಂಬುದಷ್ಟೇ.

ಈಗ ನಮ್ಮ ದೇಶದ ಕಾನೂನನ್ನು ನೋಡೋಣ. 1962ರ ಕಸ್ಟಮ್ಸ್ ಕಾಯ್ದೆ ಮೈ ತಪಾಸಣೆಯ ವಿಷಯದಲ್ಲಿ ಬಹಳ ಮರ್ಯಾದೆಯಿಂದ ನಡೆದುಕೊಂಡಿದೆ. ಅದರ 102ನೇ ಕಲಂ ಪ್ರಕಾರ, ಪ್ರಯಾಣಿಕ ಕೇಳಿದರೆ ತಪಾಸಣೆಗೆ ಮುನ್ನ ಅವನನ್ನು ಹತ್ತಿರದ ಗೆಜೆಟೆಡ್ ಕಸ್ಟಮ್ಸ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಬೇಕು. ತಪಾಸಣೆಗೆ ಇಬ್ಬರು ಸಾಕ್ಷಿಗಳಿರಬೇಕು. ಹೆಣ್ಣುಮಕ್ಕಳ ಮೈಯನ್ನು ಹೆಣ್ಣುಮಕ್ಕಳೇ ತಪಾಸಣೆ ಮಾಡಬೇಕು. ಅರುವತ್ತು ವರ್ಷಗಳ ಹಿಂದೆಯೇ ಇಷ್ಟು ಯೋಚಿಸಿದ್ದಾರೆ. ಆದರೆ ಮೊಬೈಲಿನ ಒಳಗೆ ಇಣುಕುವುದಕ್ಕೆ ಇಂಥದ್ದೊಂದು ಪ್ರತ್ಯೇಕ ಕಲಂ ಆ ಕಾಯ್ದೆಯಲ್ಲಿ ಇಲ್ಲ. ಶರ್ಟಿನ ಕಿಸೆಗೆ ಇರುವ ರಕ್ಷಣೆ, ಕಿಸೆಯೊಳಗಿನ ಫೋನಿನಲ್ಲಿರುವ ನಮ್ಮ ಹೆಣ್ಣುಮಕ್ಕಳ ಫೋಟೊಗಳಿಗೆ ಇಲ್ಲ!

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದ ಹಿರಿಯರು. ನಂತರ 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಪೊಲೀಸರು ಮೊಬೈಲ್ ತಪಾಸಣೆ ಮಾಡುವ ಕ್ರಮವನ್ನು ವಿವರವಾಗಿ ಬರೆದರು. ಸಾಮಾನ್ಯವಾಗಿ ಸರ್ಚ್ ವಾರಂಟ್ ಬೇಕು, ಸಿಕ್ಕಿದ ಖಾಸಗಿ ಮಾಹಿತಿಯನ್ನು ಕಾಪಾಡುವ ಹೊಣೆ ತನಿಖಾಧಿಕಾರಿಯದ್ದು, ಅದು ಮೂರನೆಯವರ ಕೈಗೆ ಹೋದರೆ ಅವರೇ ಉತ್ತರ ಕೊಡಬೇಕು ಎಂದರು. ಆದರೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗುವುದಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ವಾಟ್ಸ್ಆ್ಯಪ್‌ನಲ್ಲಿ "ಯಾರಿಗೂ ಪಾಸ್‌ವರ್ಡ್ ಕೊಡಬೇಕಿಲ್ಲ" ಎಂದು ಹರಡುವವರು ಈ ಅರ್ಧವನ್ನು ನುಂಗಿಬಿಡುತ್ತಾರೆ. ಅಲ್ಲದೆ ಅದು ಪೊಲೀಸ್ ತನಿಖೆಯ ತೀರ್ಪು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತವನಿಗೆ ಅಷ್ಟೇ ಸ್ಪಷ್ಟವಾದ ನಿಯಮ ಇನ್ನೂ ಬರಬೇಕಾಗಿದೆ.

ಹೊರದೇಶದ ಮಾತು ಬೇರೆ. ಅಮೆರಿಕದ ಗಡಿ ಅಧಿಕಾರಿಗಳು ಯಾವ ಸಂಶಯವೂ ಇಲ್ಲದೆ ಫೋನ್ ತೆರೆಸಿ ಕೈಯಲ್ಲೇ ನೋಡಬಹುದು. ಯಂತ್ರ ಜೋಡಿಸಿ ನಕಲು ತೆಗೆಯಬೇಕಾದರೆ ಮಾತ್ರ ಸಕಾರಣ ಸಂಶಯ ಮತ್ತು ಮೇಲಧಿಕಾರಿಯ ಒಪ್ಪಿಗೆ ಬೇಕೆಂದು ಅವರದೇ ನಿಯಮ ಇದೆ. ವೀಸಾದಲ್ಲಿ ಹೋದವರು ಒಪ್ಪದಿದ್ದರೆ ವಾಪಸ್ ಕಳಿಸಬಹುದು. ಓದಲು ಹೋಗುವ ಮಕ್ಕಳು ವೀಸಾ ಅರ್ಜಿಯ ಹೊತ್ತಿಗೇ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು 2025ರ ಜೂನ್‌ನಲ್ಲಿ ಆದೇಶ ಬಂತು. ಬ್ರಿಟನ್ನಿನಲ್ಲಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಪಾಸ್‌ವರ್ಡ್ ಕೊಡಲು ಒಪ್ಪದ ಮುಹಮ್ಮದ್ ರಬ್ಬಾನಿ ಎಂಬ ಮಾನವ ಹಕ್ಕು ಸಂಘಟನೆಯ ಮುಖ್ಯಸ್ಥರನ್ನು 2017ರಲ್ಲಿ ಕೋರ್ಟ್ ತಪ್ಪಿತಸ್ಥರೆಂದಿತು. ನ್ಯೂಝಿಲೆಂಡ್‌ನಲ್ಲಿ 5,000 ಡಾಲರ್‌ವರೆಗೆ ದಂಡ. ಕಠಿಣವೇ ಇರಲಿ, ಅಲ್ಲೆಲ್ಲ ಕಾನೂನು ಬರೆದಿಟ್ಟಿದೆ, ಓದಿ ತಿಳಿಯಬಹುದು.

ಇನ್ನು ಗಲ್ಫ್. ಅಲ್ಲಿ ಗಡಿ ದಾಟುವುದಕ್ಕಿಂತ ದೊಡ್ಡ ಪ್ರಶ್ನೆ ಫೋನಿನೊಳಗೆ ಏನಿದೆ ಎಂಬುದು. ಯುಎಇಯ 2021ರ ಸೈಬರ್ ಕಾನೂನಿನಲ್ಲಿ ಇನ್ನೊಬ್ಬರ ಅನುಮತಿ ಇಲ್ಲದೆ ಅವರ ಫೋಟೊ ತೆಗೆದು ಖಾಸಗಿತನ ಕೆಡಿಸುವುದೂ ಅಪರಾಧ, ಸುಳ್ಳು ಸುದ್ದಿ ಹರಡುವುದೂ ಅಪರಾಧ. ಕರಾವಳಿಯಿಂದ ಸೌದಿಗೆ ದುಡಿಯಲು ಹೋದವರೊಬ್ಬರು ತಮ್ಮ ಹೆಸರಿನ ಫೇಸ್‌ಬುಕ್ ಬರಹಕ್ಕಾಗಿ 2019ರ ಡಿಸೆಂಬರ್‌ನಲ್ಲಿ ಬಂಧನಕ್ಕೊಳಗಾಗಿ, ಖಾತೆ ನಕಲಿ ಎಂದು ಗೊತ್ತಾದ ಮೇಲೆ 2021ರ ಆಗಸ್ಟ್‌ನಲ್ಲಷ್ಟೇ ಊರಿಗೆ ಮರಳಿದ್ದನ್ನು ಓದುಗರು ಮರೆತಿರಲಾರರು. ಆ ಖಾತೆ ತೆರೆದ ಆರೋಪದಲ್ಲಿ ಪೊಲೀಸರು ಹಿಡಿದದ್ದು ನಮ್ಮದೇ ಕರಾವಳಿಯವರನ್ನು, ನಮ್ಮದೇ ಸಮುದಾಯದವರನ್ನು. ಖಾಸಗಿತನದ ಮಾತಾಡುವಾಗ ಇದನ್ನು ಬಚ್ಚಿಟ್ಟು ಮಾತಾಡಿದರೆ ಅದು ನ್ಯಾಯವಲ್ಲ.

ಹಾಗೆಯೇ ಚಿನ್ನದ ಮಾತು. ಕ್ಯಾರಿಯರ್ ಆಗಿ ಹೋಗುವವನಿಗೆ ಮಾಲು ಯಾರಿಗೆ ಕೊಡಬೇಕೆಂಬ ಗುರುತು ಬರುವುದು ಮೊಬೈಲಿಗೇ. ಅಧಿಕಾರಿಗಳ ಕೈ ಮೊದಲು ಮೊಬೈಲಿಗೆ ಹೋಗುವುದು ಅದಕ್ಕೇ. ಟಿಕೆಟ್ ಮತ್ತು ಒಂದಿಷ್ಟು ದುಡ್ಡಿನ ಆಸೆಗೆ ಒಬ್ಬ ಹುಡುಗ ಒಪ್ಪಿಕೊಂಡರೆ, ಅವನ ಹಿಂದೆ ಸಾಲಿನಲ್ಲಿ ನಿಂತ ಉಮ್ರಾ ಮುಗಿಸಿ ಬಂದ ಅಜ್ಜಿಯನ್ನೂ ಸಂಶಯದಿಂದ ನೋಡುತ್ತಾರೆ. 2025ರ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ 14.2 ಕೆ.ಜಿ. ಚಿನ್ನದೊಂದಿಗೆ ಬಂಧಿತರಾದದ್ದು ಒಬ್ಬ ಸಿನಿಮಾ ನಟಿ ಎಂಬುದು ನಿಜ. ಆದರೆ ಅದರಿಂದ ನಮ್ಮ ಹುಡುಗರ ಲೆಕ್ಕ ಚುಕ್ತಾ ಆಗುವುದಿಲ್ಲ. "ಇದೊಂದು ಫೋನ್ ಊರಲ್ಲಿ ಅಳಿಯನಿಗೆ ಕೊಟ್ಟುಬಿಡಿ" ಎಂದು ಕೈಗಿಡುವವರಿಗೆ ಇಲ್ಲ ಎನ್ನಲು ಸಂಕೋಚ ಬೇಡ. ನಿಮ್ಮ ಕೈಯಲ್ಲಿ ಸಿಕ್ಕಿದ ಫೋನಿನಲ್ಲಿ ಏನಿದ್ದರೂ ಮೊದಲು ಉತ್ತರಿಸಬೇಕಾದವರು ನೀವೇ.

ಮನೆಯಲ್ಲೇ ಮಾಡಬಹುದಾದ ಕೆಲಸವೊಂದುಂಟು. ಊರಿನ, ಜಮಾಅತಿನ, ಕ್ರಿಕೆಟಿನ ಐವತ್ತು ಗ್ರೂಪುಗಳಿಂದ ಬರುವ ವೀಡಿಯೊಗಳು ನಾವು ನೋಡದೆಯೇ ತಾವಾಗಿ ಗ್ಯಾಲರಿಯಲ್ಲಿ ಕೂರುತ್ತವೆ. ವಾಟ್ಸ್ಆ್ಯಪ್ ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಿ, ಮಗನ ಹತ್ತಿರ ಹೇಳಿದರೆ ಎರಡು ನಿಮಿಷದ ಕೆಲಸ. ಕುಟುಂಬದ ಫೋಟೊಗಳನ್ನು ಮನೆಯ ಕಂಪ್ಯೂಟರಿಗೆ ಹಾಕಿಟ್ಟು ಫೋನನ್ನು ಹಗುರ ಮಾಡಿಕೊಂಡು ಹೊರಡಿ. ಆದರೆ ಅಧಿಕಾರಿ ಕೇಳಿದ ಮೇಲೆ ಗಡಿಬಿಡಿಯಲ್ಲಿ ಅಳಿಸಲು ಹೋಗಬೇಡಿ, ಅದು ಸಾಕ್ಷ್ಯ ನಾಶವೆಂದು ತಿರುಗಬಹುದು. ಸುಳ್ಳಂತೂ ಬೇಡವೇ ಬೇಡ. ಯಾವ ಕಾನೂನಿನಡಿ ಕೇಳುತ್ತಿದ್ದೀರಿ ಎಂದು ವಿನಯದಿಂದ ಕೇಳಿ, ಮೇಲಧಿಕಾರಿಯನ್ನು ಕಾಣಬೇಕೆಂದು ಹೇಳಿ, ಫೋನ್ ವಶಕ್ಕೆ ಪಡೆದರೆ ಮಹಜರಿನ ಪ್ರತಿ ಕೇಳಿ ಪಡೆಯಿರಿ.

ನಮ್ಮ ಸಂಸದರಿಂದ, ಕಸ್ಟಮ್ಸ್ ಇಲಾಖೆಯಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. 102ನೇ ಕಲಂನಲ್ಲಿ ಮೈ ತಪಾಸಣೆಗೆ ಬರೆದದ್ದನ್ನೇ ಮೊಬೈಲಿಗೂ ಬರೆಯಲಿ. ಸಂಶಯಕ್ಕೆ ಕಾರಣವನ್ನು ದಾಖಲಿಸಲಿ, ಕೇಳಿದವರನ್ನು ಗೆಜೆಟೆಡ್ ಅಧಿಕಾರಿಯ ಮುಂದೆ ಕರೆದೊಯ್ಯಲಿ, ಹೆಣ್ಣುಮಕ್ಕಳ ಫೋಟೊ ಇರುವ ಗ್ಯಾಲರಿಯನ್ನು ನೋಡಲೇಬೇಕಾಗಿ ಬಂದರೆ ಮಹಿಳಾ ಅಧಿಕಾರಿಯೇ ನೋಡಲಿ. ಈ ಹಕ್ಕನ್ನು ಬಜ್ಪೆಯ ಆಗಮನ ದ್ವಾರದಲ್ಲಿ ಕನ್ನಡದಲ್ಲಿ, ಉಮ್ಮಂದಿರಿಗೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ. ಉಮ್ರಾ ತಂಡಗಳು ಹೊರಡುವ ಮುನ್ನ ಇಹ್ರಾಮ್ ಉಡುವುದನ್ನು ಕಲಿಸುವ ತರಗತಿಯಲ್ಲೇ ಜಮಾಅತ್ ಕಮಿಟಿಗಳು ಒಬ್ಬ ವಕೀಲರನ್ನು ಕರೆಸಿ ಅರ್ಧ ಗಂಟೆ ಈ ವಿಷಯ ಹೇಳಿಸಿದರೆ, ನಿಯಮ ಬರುವವರೆಗೂ ನಮ್ಮವರು ಕೌಂಟರಿನಲ್ಲಿ ಬೆವರುವುದು ಕಡಿಮೆಯಾದೀತು.